ಅಂಗಾಲಿಗಂಟಿದ ಕಾಳು

ನೀಲಿ ಇನ್ನೂ ಒಣಗಿಲ್ಲ, ಅದರ ಮೇಲೊಂದು ನೊಣ ಕೂತಿದೆ, ಕೂತಿದೆ ಎಂದರೆ ಸಿಕ್ಕಿಕೊಂಡಿದೆ, ಗವಿಯ ಮಾತೆಯ ಮೋಡದ ಅಂಚಿನಲ್ಲಿ ಮುಂಗಾಲು ಉಜ್ಜುತ್ತಿದೆ, ಪ್ರಾರ್ಥನೆಗೆ ಕೂತವರ ಹಾಗೆ — ಊದಿದೆ, ಹೋಗಲಿಲ್ಲ, ಕುಂಚದ ಹಿಂತುದಿಯಿಂದ ಎತ್ತಬೇಕು, ಎತ್ತಿದರೆ ಮೋಡದಲ್ಲಿ ಅದರ ಕಾಲಿನ ಗುರುತು ಉಳಿಯುತ್ತದೆ, ಉಳಿಯಲಿ, ಮೋಡದಲ್ಲಿ ಯಾರೂ ತಪ್ಪು ಹುಡುಕಲ್ಲ ಮಗಳೇ, ಜನ ನೋಡೋದು ಮಂಚಾನ, ಮಂಚದಲ್ಲಿ ಬಿದ್ಕೊಂಡಿರೋದು ಯಾರು ಅಂತ, ಎಂದು ಫಿದೆನ್ಸಿಯೊ ಮಾವ ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದ. ಈ ಹರಕೆಯ ತಗಡುಗಳಲ್ಲಿ ಬಿದ್ದುಕೊಂಡಿರುವವಳು ನಾನು. ಬಿಸಿಲು ಮೇಜಿನ ಈ ಕಾಲಿಗೆ ಬಂದಿದೆ, ಬಾಗಿಲ ಕಡೆಯ ಕಾಲಿಗೆ ಹೋಗುವಷ್ಟರಲ್ಲಿ ಮಾವ ಬರುತ್ತಾನೆ, ಸಂಜೆಯ ಗಂಟೆ ಹೊಡೆದು ಪೂಜೆ ಶುರುವಾಗುವ ಮೊದಲು ಇವು ಇಗರ್ಜಿಯ ಗೋಡೆಗೆ ಏರಬೇಕು, ನಾಳೆ ಮೇಣದಬತ್ತಿ ಹಬ್ಬ, ಅಮ್ಮ ಹರಕೆಯಲ್ಲಿ ಹೇಳಿದ್ದು ಇದೇ ಹಬ್ಬವನ್ನು, ತಾಯೇ, ನನ್ನ ಮಗಳು ಮಂಚದಿಂದ ಎದ್ರೆ ಅವಳು ಮಲಗಿದ ತಿಂಗಳಿಗೊಂದು ತಗಡು, ಅವಳದೇ ಕೈಯಿಂದ ಬರೆಸಿ, ಮುಂದಿನ ಮೇಣದಬತ್ತಿ ಹಬ್ಬದೊಳಗೆ ನಿನ್ನ ಗೋಡೆಗೆ ಹಾಕಿಸ್ತೀನಿ — ನಾನು ಎದ್ದೆ, ಅಮ್ಮ ಹೋದಳು, ಹರಕೆ ಉಳಿಯಿತು. ಹರಕೆ ತೀರಿಸದೆ ಸತ್ತವರಿಗೆ ಮಣ್ಣಿನೊಳಗೂ ನಿದ್ದೆಯಿಲ್ಲ, ಎದ್ದು ಬಂದು ಮನೆಯ ಹೊಸಿಲ ಹೊರಗೆ ನಿಂತಿರುತ್ತಾರೆ, ಒಳಗೆ ಬರಲಾರರು, ಬಿಟ್ಟು ಹೋಗಲಾರರು, ನಮ್ಮೂರಿನಲ್ಲಿ ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು, ಮನೆಯವರು ಯಾರಾದರೂ ತೀರಿಸಿದರೆ ಅವರು ಮಲಗುತ್ತಾರೆ, ಆದರೆ ಅಮ್ಮ ಅವಳದೇ ಕೈಯಿಂದ ಎಂದುಬಿಟ್ಟಿದ್ದಾಳೆ, ಮಾವನ ಕೈ ನಡೆಯುವುದಿಲ್ಲ. ಆರು ತಗಡು ಗೋಡೆಗೆ ಒರಗಿ ನಿಂತಿವೆ, ಕೈಯಲ್ಲಿರುವುದು ಏಳನೆಯದು, ಎಲ್ಲದರಲ್ಲೂ ಇದೇ ಕೋಣೆ, ಇದೇ ಮಂಚ, ಎಲ್ಲದರಲ್ಲೂ ಕೆಳಗಿನ ಎಡಮೂಲೆಯಲ್ಲಿ ಅಂಗೈಯಷ್ಟು ಬರಿಯ ಬಿಳಿ. ಮೊಣಕಾಲೂರಿ ಬೇಡಿಕೊಂಡವರ ಜಾಗ ಅದು. ಅಮ್ಮನ ಜಾಗ. ಮೋಡ ಬರೆದೆ, ಗೋಡೆಯ ಬಿರುಕು ಬರೆದೆ, ಕುರ್ಚಿಯ ಮೇಲೆ ತಣ್ಣಗಾದ ಗಂಜಿಯ ಬಟ್ಟಲು ಬರೆದೆ, ಆ ಮೂಲೆಯನ್ನು ಮಾತ್ರ ನಾಳೆ ನಾಳೆ ಎಂದು ಬಿಟ್ಟುಕೊಂಡು ಬಂದೆ, ಈಗ ಆ ನಾಳೆಯೇ ಹಬ್ಬವಾಗಿದೆ.

ರಟ್ಟಿನ ಹೆಂಗಸು ಮೇಜಿನ ತುದಿಯಲ್ಲಿದ್ದಾಳೆ, ಬೆಳಿಗ್ಗೆ ಮಾವ ಇಟ್ಟುಹೋದ, ಹಳೆಯ ಬೂಟಿನ ಡಬ್ಬಿಯಿಂದ ಕತ್ತರಿಸಿದವಳು, ಮೊಣಕಾಲೂರಿದ್ದಾಳೆ, ತಲೆಯ ಮೇಲೆ ಶಾಲು, ಕೈಯಲ್ಲಿ ಮೇಣದಬತ್ತಿ, ಮುಖ ಅರ್ಧ ಮಾತೆಯ ಕಡೆಗೆ, ಅರ್ಧ ನೋಡುವವರ ಕಡೆಗೆ, ಬಣ್ಣ ಮೆತ್ತಿ ಮೆತ್ತಿ ಅಂಚೆಲ್ಲ ದಪ್ಪಗಾಗಿದೆ. ತಗಡಿನ ಮೇಲಿಟ್ಟು ಸುತ್ತ ಪೆನ್ಸಿಲ್ ಓಡಿಸಿದರೆ ಆಯಿತು, ಶಾಲು ಯಾವ ಬಣ್ಣ ಎಂದು ಕೇಳಿ ತುಂಬುವುದು, ಮುಖಕ್ಕೊಂದು ಮೊಟ್ಟೆ, ಮೊಟ್ಟೆಗೆರಡು ಚುಕ್ಕೆ, ಒಂದು ಗೆರೆ. ಇಗರ್ಜಿಯ ಗೋಡೆಯ ಮೇಲೆ ಬೇಡಿಕೊಂಡ ಹೆಂಗಸರೆಲ್ಲ ಇವಳೊಬ್ಬಳೇ, ಗಣಿಯ ಚಾವಣಿ ಕುಸಿದಾಗ ಗಂಡನಿಗಾಗಿ ಬೇಡಿದವಳೂ ಇವಳೇ, ಹೋರಿ ತಿವಿದವನ ತಾಯಿಯೂ ಇವಳೇ, ಮೂತ್ರದ ಕಲ್ಲು ಬಿದ್ದುಹೋದ ಮುದುಕಿಯೂ ಇವಳೇ, ಗುರುತು ಸಿಗೋದು ಹೇಗೆ ಮಾವ ಎಂದು ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದೇನೆ, ಅವನೇ ಅದನ್ನು ನೋಡಿ, ಕೆಳಗೆ ಹೆಸರು ಬರ್ದಿರ್ತೀವಲ್ಲ, ಮಾತೆಗೆ ಓದಕ್ಕೆ ಬರುತ್ತೆ ಕಣೇ, ನಿನ್ನ ಹಾಗೆ ಶಾಲೆ ಬಿಟ್ಟವಳಲ್ಲ ಅವಳು, ಎಂದು ನಕ್ಕಿದ್ದ. ಶಾಲೆ — ಟೀಚರ್ ಸಬೀನಾ ಎಂದು ಕೂಗುತ್ತಾರೆ, ಉತ್ತರ ಗೊತ್ತು, ಎದ್ದು ನಿಲ್ಲುತ್ತೇನೆ, ಉತ್ತರ ಗಂಟಲಿನ ತನಕ ಬಂದು ಅಲ್ಲೇ ಕೂತುಬಿಡುತ್ತದೆ, ಹಿಂದಿನ ಬೆಂಚಿನಲ್ಲಿ ನಗು, ಒಂದು ಬೆಳಿಗ್ಗೆ ಜಡೆ ಹೆಣೆಸಿಕೊಂಡ ಮೇಲೆ ಹೊಸಿಲು ದಾಟಲಿಲ್ಲ, ಅಷ್ಟೇ, ಆರನೇ ತರಗತಿ ಅಲ್ಲಿಗೆ ಮುಗಿಯಿತು. ಅಮ್ಮ ಬೈಯಲಿಲ್ಲ, ಅಣ್ಣನ ಹತ್ತಿರ ಕರೆದುಕೊಂಡು ಹೋಗಿ, ಇವಳ ಬಾಯಿ ಆಡಲ್ಲ ಫಿದೆನ್ಸಿಯೊ, ಕೈಯಾದ್ರೂ ಆಡಲಿ, ಅಂದಳು. ಇಗರ್ಜಿಯ ಅಂಗಳದಲ್ಲಿ ಮಾವನ ಹಿಂದೆ ಕೂತು ಬಣ್ಣ ಅರೆಯುತ್ತಿದ್ದೆ, ಕಷ್ಟ ಹೇಳಿಕೊಂಡು ತಗಡು ಬರೆಸಲು ಬಂದವರು ಮಾವನನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ, ಶಾಲಿನ ಎಳೆ ಕೀಳುವ ಬೆರಳನ್ನು, ಸುಳ್ಳು ಹೇಳುವಾಗ ಟೋಪಿ ತಿರುಗಿಸುವ ಕೈಯನ್ನು. ಒಬ್ಬ ಬಂದು, ಹೋರಿ ಇನ್ನೂ ದೊಡ್ಡದು ಮಾಡಿ ಯಜಮಾನ್ರೇ, ಇನ್ನೂ ದೊಡ್ಡದಿತ್ತು ಅಂದ, ಮಾವ ಕುಂಚ ಎತ್ತಿ, ಇನ್ನೂ ದೊಡ್ಡದು ಮಾಡಿದ್ರೆ ಮಾತೆ ಹೊರಗೆ ನಿಲ್ಬೇಕಾಗುತ್ತಪ್ಪಾ, ಕುಡಿದಿದ್ದಾಗ ನೋಡಿದ ಹೋರಿನಾ ಅದು, ಅಂದ, ಅವನೂ ನಕ್ಕ, ನಾನೂ ಒಳಗೊಳಗೇ ನಕ್ಕೆ. ಮೊದಲು ಮಂಚ ಬರೆಯಲು ಕಲಿತೆ, ಆಮೇಲೆ ಮೋಡ, ಆಮೇಲೆ ಹೋರಿ, ಎಲ್ಲರ ಹಾಸಿಗೆಯನ್ನೂ ಬರೆದಿದ್ದೇನೆ, ಎಲ್ಲರ ಜ್ವರವನ್ನೂ, ಎಲ್ಲರಿಗೂ ಏನಾದರೊಂದು ಆಗಿರುತ್ತದೆ.

ನನಗೆ ಏನೂ ಆಗಿರಲಿಲ್ಲ. ಅದೇ ತೊಂದರೆ, ತಗಡಿಗೆ ಹೋರಿ ಬೇಕು, ಬೆಂಕಿ ಬೇಕು, ಉರುಳಿದ ಲಾರಿ ಬೇಕು, ನನ್ನ ಹತ್ತಿರ ಒಂದು ಮಧ್ಯಾಹ್ನವಿತ್ತು, ಸೆಪ್ಟೆಂಬರಿನದು, ಮಳೆ ನಿಂತಿತ್ತು, ಬಣ್ಣ ಅರೆಯುತ್ತಿದ್ದೆ, ಅರೆಯುವುದು ಸಾಕೆನಿಸಿತು, ಎದ್ದು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ, ಎದ್ದೇಳಲು ಕಾರಣ ಹುಡುಕಿದೆ, ಸಿಗಲಿಲ್ಲ. ಅಳು ಕೂಡ ಬರಲಿಲ್ಲ, ಅಳು ಬಂದಿದ್ದರೆ ಚೆನ್ನಾಗಿತ್ತು, ಬರೆಯಲಿಕ್ಕಾದರೂ ಆಗುತ್ತಿತ್ತು. ಮೈಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ, ಅದನ್ನು ತೆಗೆಯಲು ಕೈ ಎತ್ತಬೇಕು, ಕೈಯ ಮೇಲೂ ಕಂಬಳಿ. ಪಕ್ಕದ ಮನೆಯ ಚೋಲೆ ಬಾಗಿಲಲ್ಲಿ ನಿಂತು ಅಮ್ಮನಿಗೆ, ಯಾವನಾದ್ರೂ ಕೈಕೊಟ್ನಾ ಕೂಕಾ, ಹೇಳೇ ನನಗೆ, ಅಂದಳು, ಅಮ್ಮ, ನನ್ ಮಗಳು ಯಾವನ ಹತ್ರನಾದ್ರೂ ಮಾತಾಡಿದ್ರೆ ತಾನೇ ಅವನು ಕೈಕೊಡೋದು, ಅಂದಳು. ಹೆದರಿಕೆ ಹೊಕ್ಕಿದೆ ಅಂದಳು ಚೋಲೆ, ಮೊಟ್ಟೆ ತರಿಸಿ ತಲೆಯಿಂದ ಕಾಲಿನವರೆಗೆ ನೀವಾಳಿಸಿ ನೀರಿನ ಲೋಟಕ್ಕೆ ಒಡೆದಳು, ನೋಡು ಕೂಕಾ, ಕಣ್ಣು, ಯಾರದೋ ಕಣ್ಣು ಬಿದ್ದಿದೆ ಹುಡುಗಿ ಮೇಲೆ, ಕಾಣಿಸ್ತಾ — ಕಾಣಿಸ್ತಿದೆ ಚೋಲೆ, ಹಳದಿ ಬಿಳಿ ಎರಡೂ ಕಾಣಿಸ್ತಿದೆ, ಬೆಳಿಗ್ಗೆ ಇಟ್ಟ ಮೊಟ್ಟೆ, ಅಂದಳು ಅಮ್ಮ, ಆದರೂ ಆ ಲೋಟವನ್ನು ಮೂರು ದಾರಿ ಕೂಡುವಲ್ಲಿ ಚೆಲ್ಲಿ ಬಂದಳು, ಹೋಗುವಾಗ ತಿರುಗಿ ನೋಡಬಾರದು, ನೋಡಲಿಲ್ಲವಂತೆ. ಎರಡನೆಯ ತಗಡಿನಲ್ಲಿ ಆ ಲೋಟವಿದೆ. ಮೂರನೆಯದರಲ್ಲಿ ಸಂತ ಅಂತೋಣಿ ತಲೆಕೆಳಗಾಗಿದ್ದಾನೆ, ಅಂತೋಣಿಯನ್ನು ತಲೆಕೆಳಗು ಮಾಡಿ ಡಬ್ಬಿಯಲ್ಲಿಟ್ಟರೆ ಕಳೆದ ವಸ್ತು ಸಿಗುವ ತನಕ ಅವನಿಗೆ ಬಿಡುಗಡೆಯಿಲ್ಲ, ಬೀಗದ ಕೈ ಕಳೆದವರು ಮಾಡುತ್ತಾರೆ, ಗಂಡ ಸಿಗದ ಹುಡುಗಿಯರು ಮಾಡುತ್ತಾರೆ, ಅಮ್ಮ ನಾನು ಮಲಗಿದ ಮೊದಲ ವಾರವೇ ಅವನನ್ನು ಮೆಕ್ಕೆಜೋಳದ ಡಬ್ಬಿಯಲ್ಲಿ ಸೊಂಟದವರೆಗೆ ಹೂತಳು, ಕಾಲು ಮೇಲೆ. ಚೋಲೆ ನಗು ತಡೆಯಲಾರದೆ, ಅಯ್ಯೋ ಕೂಕಾ, ಕಾಯಿಲೆಗೆ ಅಂತೋಣಿ ಅಲ್ಲ ಕಣೇ, ಅವನಿಗೆ ಗೊತ್ತಿರೋದು ಕಳೆದುಹೋದದ್ದು ಮಾತ್ರ, ಅಂದಳು. ಅಮ್ಮ ಡಬ್ಬಿಯ ಮುಚ್ಚಳ ಹಾಕುತ್ತ, ಕಳೆದುಹೋಗಿದ್ದಾಳಲ್ಲ, ಅಂದಳು. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡೆ. ಮಾವ ಈಗಲೂ ಹೇಳುತ್ತಾನೆ, ಜ್ವರ ಅಂತ ಬರಿ ಮಗಳೇ, ಏನೂ ಆಗ್ಲಿಲ್ಲ ಅಂತ ಬರೆದ್ರೆ ಜನ ಏನಂತಾರೆ, ಮಾತೆ ಏನನ್ನ ವಾಸಿ ಮಾಡಿದ್ಲು ಅಂತ ಕೇಳ್ತಾರೆ. ಮೊದಲನೆಯ ತಗಡಿನ ಕೆಳಪಟ್ಟಿಯಲ್ಲಿ ಕಪ್ಪಕ್ಷರದಲ್ಲಿ ಬರೆದಾಯಿತು, ಸೆಪ್ಟೆಂಬರಿನಲ್ಲಿ ಸಬೀನಾ ಮಲಗಿದಳು, ಏನೂ ಆಗಿರಲಿಲ್ಲ. ನಾಳೆಯಿಂದ ಊರೆಲ್ಲ ಓದುತ್ತದೆ, ಹಿಂದಿನ ಬೆಂಚಿನವರೂ ಓದುತ್ತಾರೆ, ನೆನೆದರೆ ಕಿವಿ ಬಿಸಿಯಾಗುತ್ತದೆ, ಓದಲಿ.

ಮುಖ, ಮುಖ ಬರೆಯಬೇಕು, ಬಿಸಿಲು ಮೇಜಿನ ನಡುವಿಗೆ ಬಂತು. ಅಮ್ಮನ ಮುಖ ಗೊತ್ತಿಲ್ಲವೆಂದಲ್ಲ, ಕಣ್ಣು ಮುಚ್ಚಿದರೆ ಎಷ್ಟೋ ಮುಖ ಬರುತ್ತವೆ, ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡಿದ ಮುಖ, ಚೋಲೆಯ ಮಾತಿಗೆ ತುಟಿ ಕಚ್ಚಿದ ಮುಖ, ಗುರುತಿನ ಚೀಟಿಯ ಫೋಟೋದಲ್ಲಿ ಯಾರೋ ಹಿಂದಿನಿಂದ ಕರೆದ ಹಾಗೆ ಬೆಚ್ಚಿದ ಮುಖ, ಆದರೆ ಅವೆಲ್ಲ ಬೇಡಿಕೊಳ್ಳದ ಮುಖಗಳು, ಈ ಮೂಲೆಯ ಮುಖ ಬೇರೆ, ಆ ತಿಂಗಳುಗಳದು, ಅದು ನನ್ನ ಬಳಿ ಇಲ್ಲ. ನಾನು ಗೋಡೆ ನೋಡುತ್ತಿದ್ದೆ. ಗೋಡೆಯ ಬಿರುಕು ಗೊತ್ತು, ಮೇಲೆ ಒಂದಾಗಿ ಕೆಳಗೆ ಕವಲೊಡೆದದ್ದು, ಏಳು ಸಲವೂ ಕಣ್ಣು ಮುಚ್ಚಿ ಬರೆಯುವಷ್ಟು ಗೊತ್ತು, ಅಮ್ಮ ಸ್ಪೂನಿನಲ್ಲಿ ಗಂಜಿ ಬಾಯಿಗಿಡುವಾಗ ಸ್ಪೂನು ನೋಡಿದ್ದೇನೆ, ಬಿಸಿನೀರು ತಂದು ಮಂಚದ ಅಂಚಿಗೆ ತಲೆ ಇಳಿಬಿಟ್ಟು ಕೂದಲು ತೊಳೆಯುವಾಗ ಚಾವಣಿಯ ತೊಲೆ ನೋಡಿದ್ದೇನೆ, ಅದು ನಾಲ್ಕನೆಯ ತಗಡು, ಅದರಲ್ಲಿ ಬೋಗುಣಿಯಿದೆ, ನೀರು ಸುರಿಯುವ ಎರಡು ಕೈಯಿವೆ, ಕೈಗೆ ಮುಖ ಇಲ್ಲ, ಮೋಡದಿಂದ ಬಂದ ಕೈಗಳೆಂದು ಮಾವ ತಿಳಿದ. ಸಂಜೆ ಮಾತ್ರ ಆ ಪಕ್ಕಕ್ಕೆ ಹೊರಳುತ್ತಿದ್ದೆ, ಈ ಮಗ್ಗುಲು ಜೋಮು ಹಿಡಿಯುತ್ತಿತ್ತು, ಹೊರಳುವ ಹೊತ್ತಿಗೆ ಅಮ್ಮ ಆಗಲೇ ಮೊಣಕಾಲೂರಿರುತ್ತಿದ್ದಳು, ಎದುರು ಗೋಡೆಯ ಮಾತೆಯ ಪಟದ ಕಡೆ ಮುಖ, ನನ್ನ ಕಡೆ ಬೆನ್ನು, ಈ ಕೋಣೆ ಎಷ್ಟಿದೆ, ಮಂಚ ಹಾಕಿದರೆ ಒಬ್ಬರು ಮೊಣಕಾಲೂರುವಷ್ಟು, ಅವಳ ಪಾದ ಮಂಚದ ಅಂಚಿನ ತನಕ ಬರುತ್ತಿತ್ತು, ಮಾತೆಯ ಎದುರು ಚಪ್ಪಲಿ ಬೇಡ ಎಂದು ಬಾಗಿಲಲ್ಲೇ ಬಿಟ್ಟಿರುತ್ತಿದ್ದಳು. ಎರಡು ಅಂಗಾಲು. ನನ್ನ ಕಣ್ಣಿನ ಎದುರು. ಸುಣ್ಣದ ನೀರು ಕುಡಿದು ಬೆಳ್ಳಗೆ ಬಿರಿದ ಹಿಮ್ಮಡಿ, ಗಿರಣಿಗೆ ಜೋಳ ನೆನೆಹಾಕುವ ಸುಣ್ಣ, ಬಿರುಕಿನೊಳಗೆ ಕಪ್ಪು, ನಡುವಿನ ಗುಳಿಯಲ್ಲಿ ಮಾತ್ರ ಮಗುವಿನ ಕೆನ್ನೆಯ ಬಣ್ಣ, ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತದ್ದು. ಪ್ರಾರ್ಥನೆಗೆ ಮೊದಲು ಅಂತೋಣಿಯ ಡಬ್ಬಿ ತೆರೆದು ಅವನ ಕಾಲು ಹಿಡಿದು ಅಲುಗಿಸುತ್ತಿದ್ದಳು, ಮರೆತುಬಿಟ್ಯೇನಯ್ಯಾ, ಎನ್ನುತ್ತಿದ್ದಳು, ಅಲುಗಿಸಿದರೆ ಕಾಳು ಉದುರುತ್ತಿತ್ತು, ಉದುರಿದ್ದನ್ನು ತುಳಿದುಕೊಂಡೇ ಬಂದು ಕೂರುತ್ತಿದ್ದಳು, ಒಂದು ಕಾಳು ಅಂಗಾಲಿಗೆ ಅಂಟಿಕೊಂಡಿರುತ್ತಿತ್ತು, ಹಳದಿ, ಬಲಗಾಲಿಗೆ, ಬೆರಳುಗಳ ಬುಡದ ಉಬ್ಬಿನಲ್ಲಿ. ಒತ್ತುತ್ತಿರಬೇಕು. ನೋಯುತ್ತಿರಬೇಕು. ತೆಗೆಯಬೇಕು ಅನಿಸುತ್ತಿತ್ತು, ಆ ತಿಂಗಳುಗಳಲ್ಲಿ ನನಗೆ ಅನಿಸಿದ್ದು ಅದೊಂದೇ, ಬೇರೆ ಯಾವುದೂ ಬೇಕೆನಿಸಲಿಲ್ಲ, ಅನ್ನವಲ್ಲ, ಬೆಳಕಲ್ಲ, ಆ ಕಾಳು ತೆಗೆಯಬೇಕು ಎಂದು ಮಾತ್ರ, ಕೈ ಚಾಚಿದರೆ ಸಿಗುತ್ತದೆ, ಕೈ ಏಳುತ್ತಿರಲಿಲ್ಲ, ಅಮ್ಮ ಜಪಮಾಲೆ ಮುಗಿಸುತ್ತಾಳೆ, ಏಳುತ್ತಾಳೆ, ಕಾಳು ಎಲ್ಲೋ ಉದುರುತ್ತದೆ, ಮರುದಿನ ಇನ್ನೊಂದು ಕಾಳು, ಅದೇ ಜಾಗದಲ್ಲಿ.

ಯಾರೋ ಬಂದರು, ಮಾವನಲ್ಲ, ಚೋಲೆ, ಅವಳ ಚಪ್ಪಲಿಯ ಸದ್ದು ಬೇರೆ, ಕೈಯಲ್ಲಿ ಪಾತ್ರೆ, ಮುಚ್ಚಿದ ಬಟ್ಟೆಯಿಂದ ಹಬೆ, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ತಗೋ ಸಬೀ, ನಾಳೆಯದು ಇವತ್ತೇ ತಿನ್ನು, ನಾಳೆ ಊರಿಗೆಲ್ಲ ಹಂಚೋ ಹೊತ್ತಿಗೆ ನನ್ನ ಸೊಂಟ ಇರುತ್ತೋ ಇಲ್ವೋ — ಮೂರು ರಾಜರ ಹಬ್ಬದ ರೊಟ್ಟಿ ಕೊಯ್ದಾಗ ಬಾಲಯೇಸುವಿನ ಬೊಂಬೆ ಅವಳ ಚೂರಿನಲ್ಲಿ ಬಂತು, ಬೊಂಬೆ ಬಂದವರು ಮೇಣದಬತ್ತಿ ಹಬ್ಬಕ್ಕೆ ಎಲ್ಲರಿಗೂ ಕಡುಬು ಹಾಕಬೇಕು, ಅವಳು ಬೊಂಬೆಯನ್ನು ನಾಲಿಗೆಯಡಿ ಇಟ್ಟುಕೊಂಡು ಸುಮ್ಮನಿದ್ದಳು, ಮಾವ ಏನೋ ಕೇಳಿದ, ಉತ್ತರ ಕೊಡಲು ಬಾಯಿ ತೆರೆದಳು, ಬೊಂಬೆ ಕಾಫಿ ಲೋಟಕ್ಕೆ ಬಿತ್ತು, ಇಡೀ ಓಣಿ ನಕ್ಕಿತು, ಅಮ್ಮ ಇದ್ದಿದ್ದರೆ ನೆಲದ ಮೇಲೆ ಕೂತು ನಗುತ್ತಿದ್ದಳು. ಚೋಲೆ ತಗಡುಗಳ ಮುಂದೆ ನಿಂತಳು, ನಗಲಿಲ್ಲ, ಮೂಲೆ ಖಾಲಿ ಬಿಟ್ಟಿದ್ದೀಯಲ್ಲೇ, ಕೂಕಾ ಎಲ್ಲಿ — ನಾನು ರಟ್ಟಿನ ಹೆಂಗಸನ್ನು ನೋಡಿದೆ, ಅವಳೂ ನೋಡಿದಳು, ಇವಳಾ, ಇವಳು ನಾನು ಕಣೇ, ಹೋದ ವರ್ಷ ನನ್ನ ಪಿತ್ತಕೋಶಕ್ಕೆ ಬರೆಸಿದ್ನಲ್ಲ, ಅಂದಳು, ಆಮೇಲೆ ದನಿ ತಗ್ಗಿಸಿ, ಬೇಗ ಬರ್ದುಬಿಡು ಮಗಳೇ, ಬೆಳಿಗ್ಗೆ ಹಾಲಿಗೆ ಹೋಗುವಾಗ ನಿಮ್ಮ ಹೊಸಿಲ ಮುಂದೆ ಹಾದುಹೋಗೋಕೆ ಹೆದರ್ತೀನಿ, ಅವಳು ನಿಂತಿರ್ತಾಳಲ್ಲ, ಕಾಲು ನೋಯಲ್ವಾ ಅವಳಿಗೆ, ಅಂದು ಹೋದಳು, ಹೊಸಿಲಲ್ಲಿ ನಿಜವಾಗಿಯೂ ಒಂದು ಪಕ್ಕಕ್ಕೆ ಸರಿದು ಹೋದಳು, ಯಾರಿಗೋ ಜಾಗ ಬಿಡುವ ಹಾಗೆ. ಚೋಲೆಗೆ ಹೇಳಲಾರೆ, ಯಾರಿಗೂ ಹೇಳಲಾರೆ, ಬರೆದು ಮುಗಿಸಿದರೆ ಅಮ್ಮ ಮಲಗುತ್ತಾಳೆ, ಆಮೇಲೆ ಹೊಸಿಲಲ್ಲಿ ಯಾರು ಇರುತ್ತಾರೆ, ಬೆಳಿಗ್ಗೆ ಒದ್ದೆ ಕಂಬಳಿ ಈಗಲೂ ಮೈಮೇಲಿರುತ್ತದೆ, ತೆಳ್ಳಗಾಗಿದೆ ಅಷ್ಟೇ, ಅದನ್ನು ಸರಿಸಿ ಏಳುವುದು ತಗಡು ಕಾಯುತ್ತಿದೆ ಎಂದು, ತಗಡಿಲ್ಲದ ಬೆಳಿಗ್ಗೆ ಹೇಗಿರುತ್ತದೋ. ಗಿರಣಿಯ ಸಾಲಿನಲ್ಲಿ ಹೋದಳು ಅಮ್ಮ, ಮೇ ತಿಂಗಳು, ನಾನು ಎದ್ದು ಓಡಾಡಿಕೊಂಡಿದ್ದೆ, ಅಂದು ಬೆಳಿಗ್ಗೆ ನಾನೇ ಜೋಳದ ಬಕೆಟ್ಟು ಅವಳ ಕೈಗೆ ಕೊಟ್ಟದ್ದು, ಸಾಲು ಉದ್ದವಿತ್ತು, ಬಕೆಟ್ಟಿನ ಪಕ್ಕ ಕೂತಳಂತೆ, ಸ್ವಲ್ಪ ಕೂತ್ಕೋತೀನಿ, ನನ್ನ ಸರದಿ ನೋಡ್ಕೊಳ್ರೇ, ಅಂದಳಂತೆ, ಹೆಂಗಸರು ಅವಳ ಸರದಿ ನೋಡಿಕೊಂಡರು, ಸರದಿ ಬಂದಾಗ ಅವಳು ಏಳಲಿಲ್ಲ. ಯಾರೋ ಅವಳ ಜೋಳವನ್ನೂ ಬೀಸಿಸಿ ಹಿಟ್ಟಿನ ಬಕೆಟ್ಟು ಮನೆಗೆ ತಂದಿಟ್ಟರು, ಏನು ಮಾಡಲಿ ಅದನ್ನು, ಮನೆ ತುಂಬ ಜನ, ಬೆಚ್ಚಗಿತ್ತು ಹಿಟ್ಟು, ಕೂತು ರೊಟ್ಟಿ ತಟ್ಟಿದೆ, ಅಮ್ಮನ ಹಿಟ್ಟಿನಿಂದ ಅಮ್ಮನ ಹೆಣದ ಮುಂದೆ ಕೂತವರಿಗೆಲ್ಲ ರೊಟ್ಟಿ, ಕೊನೆಯ ಉಂಡೆಯನ್ನು ತಟ್ಟಲಾರದೆ ಕೈಯಲ್ಲೇ ಇಟ್ಟುಕೊಂಡೆ, ತಣ್ಣಗಾಗುವ ತನಕ. ಪೆಟ್ಟಿಗೆಯಲ್ಲಿಡುವಾಗ ಅವಳ ಕಾಲಿಗೆ ಹಬ್ಬದ ಬೂಟು ಹಾಕಿದ್ದರು. ಅಂಗಾಲು ನೋಡಲಿಲ್ಲ.

ಪೆನ್ಸಿಲ್ ಎತ್ತಿಕೊಂಡೆ, ರಟ್ಟಿನ ಹೆಂಗಸನ್ನು ಮೊದಲ ತಗಡಿನ ಬಿಳಿಯ ಮೇಲಿಟ್ಟೆ, ಸರಿಯಾಗಿ ಕೂತಳು, ಎಲ್ಲರ ಮೂಲೆಯಲ್ಲೂ ಸರಿಯಾಗಿ ಕೂರುತ್ತಾಳೆ, ಶಾಲಿನ ತುದಿಯಿಂದ ಗೆರೆ ಎಳೆಯಲು ಹೊರಟೆ, ಕೈ ನಿಂತಿತು, ಮಲಗಿದ್ದಾಗ ನಿಂತ ಹಾಗಲ್ಲ, ಬೇರೆ ಥರ, ಇದು ಬೇಡ ಎಂದು ನಿಂತದ್ದು. ಅವಳನ್ನು ಪಕ್ಕಕ್ಕಿಟ್ಟೆ. ನನ್ನ ಬಳಿ ಇಲ್ಲದ್ದನ್ನು ಹೇಗೆ ಬರೆಯಲಿ, ಇರುವುದು ಇದು — ಲಂಗದ ಅಂಚು, ಬೂದು, ಅದರ ಮೇಲೆ ಬೆನ್ನು, ಬೆನ್ನಿನ ಮೇಲೆ ಜಡೆ, ಜಡೆಯ ತುದಿಗೆ ನನ್ನ ಹಳೆಯ ಶಾಲೆಯ ರಿಬ್ಬನ್ನು, ಮುಂದೆ, ನಮ್ಮ ಕಡೆಗೆ, ಎರಡು ಅಂಗಾಲು. ಮಣ್ಣಿನ ಬಣ್ಣಕ್ಕೆ ಬಿಳಿ, ಬಿಳಿಗೆ ಇಷ್ಟೇ ಇಷ್ಟು ಕೆಂಪು, ಹಿಮ್ಮಡಿಗೆ ಸುಣ್ಣದ ಬಿಳಿ, ಬಿರುಕಿಗೆ ಒಂದೇ ಕೂದಲಿನ ಕುಂಚ, ಬೆರಳು ಬೆರಳಾಗಿ, ಕಿರುಬೆರಳು ಪಕ್ಕದ ಬೆರಳಿನ ಮೇಲೆ, ಕೈ ಓಡುತ್ತಿದೆ, ಎರಡನೆಯ ತಗಡು, ಮೂರನೆಯದು, ಅಮ್ಮ ಕೂರುತ್ತಿದ್ದಾಳೆ, ಒಂದೊಂದು ತಿಂಗಳಲ್ಲೂ ಬಂದು ಕೂರುತ್ತಿದ್ದಾಳೆ, ನವೆಂಬರಿಗೆ ಹಿಮ್ಮಡಿಯ ಬಿರುಕು ಆಳವಾಯಿತು, ಡಿಸೆಂಬರಿಗೆ ಪಾದ ಊದಿತ್ತು, ಹೌದು ಊದಿತ್ತು, ಚಪ್ಪಲಿಯ ಪಟ್ಟಿ ಕೊರೆದ ಗೆರೆ ಕಾಲಿನ ಅಂಚಿನಲ್ಲಿತ್ತು, ಜನವರಿಗೆ ಗೆರೆ ಇನ್ನೂ ಆಳ, ಕುಂಚಕ್ಕೆ ಗೊತ್ತಾಗುತ್ತಿದೆ, ಕಣ್ಣು ನೋಡಿತ್ತು, ನನಗೆ ಹೇಳಿರಲಿಲ್ಲ. ಪ್ರತಿಯೊಂದಕ್ಕೂ ಕೊನೆಯಲ್ಲಿ ಒಂದು ಚುಕ್ಕೆ ಹಳದಿ, ಬಲಗಾಲಿನ ಉಬ್ಬಿನಲ್ಲಿ, ಆರು ತಗಡು, ಆರರಲ್ಲೂ ಕಾಳು. ಬಾಗಿಲಲ್ಲಿ ನೆರಳು, ಈ ಸಲ ಮಾವನೇ, ಗೋಣಿಚೀಲ ಹೆಗಲಿಗೆ, ಆಯ್ತಾ ಮಗಳೇ, ಗಂಟೆ ಹೊಡೆಯೋ ಮುದುಕ ಆಗ್ಲೇ ಮೆಟ್ಟಿಲು ಹತ್ತುತ್ತಿದ್ದಾನೆ — ಅಂದವನು ನಿಂತ, ಇದೇನೇ ಇದು, ಬೆನ್ನು ತೋರಿಸ್ಕೊಂಡು ಕೂತವಳನ್ನ ಯಾವ ಹರಕೆ ತಗಡಲ್ಲೂ ನೋಡಿಲ್ಲ ನಾನು, ಮುಖ ಇಲ್ಲದೆ ಜನಕ್ಕೆ ಹೇಗೆ ತಿಳಿಯುತ್ತೆ, ರಟ್ಟು ಕೊಟ್ಟಿದ್ನಲ್ಲ — ಮಾತಾಡುತ್ತಲೇ ಬಗ್ಗಿದ, ಒಂದು ತಗಡನ್ನು ಕಣ್ಣಿಗೆ ಹತ್ತಿರ ತಂದ. ಬೆರಳು ತಗಡಿಗೆ ತಾಗಿಸದೆ ಎಡಗಾಲಿನ ಕಿರುಬೆರಳಿನ ಮೇಲೆ ಹಿಡಿದ, ಇದು, ಅಂದ, ಕತ್ತೆ ತುಳಿದದ್ದು, ಅವಳಿಗಿನ್ನೂ ಹಲ್ಲು ಬೀಳ್ತಿದ್ದ ವಯಸ್ಸು, ಕತ್ತೆ ಹಗ್ಗ ನಾನೇ ಹಿಡ್ಕೊಂಡಿದ್ದೆ, ಕೂಕಾ, ಅಂದ, ಕೂಕಾ, ನನಗಲ್ಲ, ತಗಡಿಗೆ. ಆಮೇಲೆ ಮೂಗು ಒರೆಸಿಕೊಂಡು, ರಟ್ಟಿನ ಹೆಂಗಸನ್ನು ಮೇಜಿನಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ, ಹಸಿಯಿದ್ರೂ ಪರವಾಗಿಲ್ಲ, ಹಾಗೇ ತೂಗುಹಾಕೋಣ, ಅಂದ, ಇಲ್ಲೊಂದು ಹಳದಿ ಸಿಡಿದಿದೆ ನೋಡು, ಎಲ್ಲದಕ್ಕೂ ಸಿಡಿದಿದೆ, ಒರೆಸ್ಲಾ — ಬೇಡ ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅದು ಜೋಳ, ಅಂದೆ. ಮಾವ ನನ್ನನ್ನು ನೋಡಿದ, ಆರು ತಗಡನ್ನೂ ಒಂದಕ್ಕೊಂದು ತಾಗದ ಹಾಗೆ ನಡುವೆ ಕಡ್ಡಿಯಿಟ್ಟು ಎತ್ತಿಕೊಂಡ, ನಾನು ನಡೀತಿರ್ತೀನಿ, ಉಳಿದದ್ದು ಹಿಡ್ಕೊಂಡು ಬಾ, ಅಂದ, ಹೊಸಿಲಲ್ಲಿ ಅವನೂ ಒಂದು ಪಕ್ಕಕ್ಕೆ ಸರಿದ.

ಏಳನೆಯದು. ಮಾರ್ಚಿನದು. ಮಂಚದಲ್ಲಿ ನಾನು ಎದ್ದು ಕೂತಿದ್ದೇನೆ, ಒಂದು ಕಾಲು ನೆಲಕ್ಕೆ, ಮೋಡದ ಅಂಚಿನಲ್ಲಿ ನೊಣದ ಗುರುತು, ಕೆಳಗೆ, ಎಲ್ಲರೂ ಕೂಕಾ ಎನ್ನುತ್ತಿದ್ದ ಅಮ್ಮನ ಪೂರ್ತಿ ಹೆಸರಿಟ್ಟು ಬರೆದಿದ್ದೇನೆ, ರೆಫುಹಿಯೊ ಬೇಡಿಕೊಂಡಳು, ಸಬೀನಾ ಎದ್ದಳು, ಅಷ್ಟೇ ಬರೆದದ್ದು, ಹೇಗೆ ಎದ್ದಳು ಎಂದು ಅಷ್ಟಗಲದ ಪಟ್ಟಿಯಲ್ಲಿ ಹಿಡಿಯುವುದಿಲ್ಲ, ಹೇಳಿದರೆ ನಗುತ್ತಾರೆ, ಹೋರಿಯಿಲ್ಲ, ಬೆಂಕಿಯಿಲ್ಲ — ಒಂದು ಸಂಜೆ ಹೊರಳಿದೆ, ಅಮ್ಮ ಕೂತಿದ್ದಳು, ತಾಯೇ ತಾಯೇ ಎನ್ನುತ್ತಿದ್ದಳು, ದನಿಯಲ್ಲಿ ಶಕ್ತಿಯಿರಲಿಲ್ಲ, ಅಂಗಾಲಿಗೆ ಕಾಳು, ಅದೇ ಜಾಗ, ನನ್ನ ಕೈ ಹೋಯಿತು. ಕಳಿಸಲಿಲ್ಲ ನಾನು, ಹೋಯಿತು. ಕಂಬಳಿಯ ಕೆಳಗಿನಿಂದ, ಮಂಚದ ಅಂಚು ದಾಟಿ, ಉಗುರಿನಿಂದ ಕಾಳನ್ನು ಕೆರೆದೆ, ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಇನ್ನೊಮ್ಮೆ ಕೆರೆದೆ, ಬಿತ್ತು, ನೆಲದ ಮೇಲೆ ಬಿದ್ದ ಸದ್ದು ಕೇಳಿಸಿತು, ಅಷ್ಟು ಸಣ್ಣ ಕಾಳಿಗೆ ಅಷ್ಟು ಸದ್ದು, ಅಮ್ಮನ ದನಿ ಅರ್ಧದಲ್ಲಿ ನಿಂತಿತು. ಅವಳು ತಿರುಗಲಿಲ್ಲ. ಮೊಟ್ಟೆಯ ನೀರು ಚೆಲ್ಲಿ ಬಂದಾಗ ತಿರುಗಿ ನೋಡಬಾರದೆಂದು ನೋಡದೆ ಬಂದವಳು, ಈಗಲೂ ತಿರುಗಲಿಲ್ಲ, ತಿರುಗಿದರೆ ಕೈ ಮತ್ತೆ ಒಳಗೆ ಹೋಗಿಬಿಡುತ್ತದೆಂದು ಹೆದರಿದಳೋ ಏನೋ, ಭುಜ ಅಲುಗಿತು, ಬೆರಳುಗಳು ಒಮ್ಮೆ ಮಡಚಿ ಬಿಚ್ಚಿಕೊಂಡವು, ಮತ್ತೆ ತಾಯೇ ಎಂದು ಶುರುಮಾಡಿದಳು, ಆ ದನಿ ಬೇರೆಯೇ ಇತ್ತು, ಆಗ ಅವಳ ಮುಖ ಹೇಗಿತ್ತು, ಪಟದ ಮಾತೆಯೊಬ್ಬಳೇ ಕಂಡದ್ದು, ಅವಳು ಹೇಳುವುದಿಲ್ಲ. ಅಂತೋಣಿ ಡಬ್ಬಿಯಲ್ಲೇ ಇದ್ದಾನೆ, ಕಾಲು ಮೇಲೆ, ಯಾರೂ ನೆಟ್ಟಗೆ ಮಾಡಿಲ್ಲ, ಇವತ್ತು ಬಂದು ಮಾಡಬೇಕು. ಗಂಟೆ ಶುರುವಾಯಿತು, ಬಿಸಿಲು ಬಾಗಿಲ ಕಡೆಯ ಕಾಲಿಗೆ ಬಂದಿದೆ, ಲಂಗ ಆಯಿತು, ಬೆನ್ನು ಆಯಿತು, ರಿಬ್ಬನ್ನು ಆಯಿತು, ಅಂಗಾಲು ಆಯಿತು, ಹಳದಿ ಅದ್ದಿದ್ದೆ, ತೊಳೆದೆ, ಈ ತಗಡಿಗೆ ಹಳದಿ ಬೇಡ. ಒಂದೇ ಕೂದಲಿನ ಕುಂಚ, ತುದಿಯಲ್ಲಿ ಕಂದು. ಕಾಳು ಬಿದ್ದ ಮೇಲೆ ಹತ್ತಿರದಿಂದ ನೋಡಿದ್ದೆ, ಅದು ಇದ್ದ ಜಾಗದಲ್ಲಿ ಚರ್ಮ ಒಳಗೆ ಹೋಗಿತ್ತು. ಒಂದು ಗುಳಿ. ಚಿಕ್ಕದು. ಅಂಚು ಕೆಂಪಗೆ, ನಡು ಬೆಳ್ಳಗೆ, ಕಾಳಿನಷ್ಟೇ ಗುಳಿ. ಕಾಯುತ್ತ ಮಲಗಿದ್ದೆ, ತುಂಬಿಕೊಳ್ಳುತ್ತದೆಂದು. ತುಂಬಿರಲಿಲ್ಲ. ಕುಂಚ ಇಡುತ್ತೇನೆ, ಎತ್ತುತ್ತೇನೆ. ಗುಳಿ. ಅಮ್ಮನ ಬಲಗಾಲಿನಲ್ಲಿ. ಕಾಳಿನಷ್ಟೇ.